ಬೂದಿ ಮೇಷ್ಟ್ರ ಸಾಕ್ಷಿ

ಇನ್ನೇನು ಸಾಕ್ಷಿಗೆ ಕರೆಯಬೇಕು ಎನ್ನುವಾಗ ಬೂದಿ ಮೇಷ್ಟ್ರು ಸರ್ಕಾರಿ ವಕೀಲೆಯನ್ನು ಕಾರಿಡಾರಿನ ಮೂಲೆಗೆ ಕರೆದು, ಹೋದ ವಾರ ತಾವೊಂದು ಕೋಣೆಯನ್ನು ಸುಟ್ಟು ನೋಡಿದ್ದಾಗಿ ಹೇಳಿದರು. ಅವಳು ಓದುತ್ತಿದ್ದ ಕಡತ ಮುಚ್ಚಿದಳು. ಬೆಂಕಿ ಬಿದ್ದ ಜಾಗದ ಬೂದಿಯನ್ನು ಜರಡಿ ಹಿಡಿದು ಕಾರಣ ಹುಡುಕುವುದೇ ಕಸುಬಾದ ಮನುಷ್ಯ ಸುಮ್ಮಸುಮ್ಮನೆ ಏನನ್ನೂ ಸುಡುವವರಲ್ಲ.

ಸೋಫಾ ಹೊಲಿಯುವ ಅಂಗಡಿಯೊಂದು ಉರಿದು, ಒಳಗೆ ಮಲಗಿದ್ದ ಯಜಮಾನ ಸತ್ತ ಕೇಸು ಅದು. ಹಿಂದಿನ ಸಂಜೆ ಗಂಡ ಹೆಂಡತಿ ಬೀದಿಗೆಲ್ಲ ಕೇಳುವಂತೆ ಜಗಳವಾಡಿದ್ದರು. ಇನ್ನೇನು ಬೇಕು? ಅತ್ತೆ, ನಾದಿನಿ, ಎದುರಂಗಡಿಯವರು, ಪೊಲೀಸರು, ಎಲ್ಲರಿಗೂ ಹೆಂಡತಿಯೇ ಸುಟ್ಟಳೆಂಬುದು ಕಣ್ಣಾರೆ ಕಂಡಷ್ಟು ಖಚಿತ. ನೆಲದ ಮೇಲೆ ಹರಿದಾಡಿದಂತಿದ್ದ ಕರಿ ಕಲೆಗಳನ್ನು ನೋಡಿ, ಪೆಟ್ರೋಲ್ ಸುರಿದಾಗ ಬೀಳುವಂಥವು ಎಂದು ಮೇಷ್ಟ್ರೂ ವರದಿ ಕೊಟ್ಟಿದ್ದರು. ಕೇಸು ನಿಂತಿದ್ದೇ ಆ ಮಾತಿನ ಮೇಲೆ. ಆಮೇಲೆ ಅವರಿಗೆ ಸೋಫಾದ ಸ್ಪಂಜಿನ ಮೇಲೆ ಅನುಮಾನ ಬಂದಿತ್ತು. ಶೆಡ್ಡಿನಲ್ಲಿ ಅಂಥದೇ ನೆಲ, ಅಂಥದೇ ಸೋಫಾ ಜೋಡಿಸಿ, ಒಂದು ಹನಿ ಪೆಟ್ರೋಲೂ ಇಲ್ಲದೆ ಬೆಂಕಿ ಹಚ್ಚಿದ್ದರು. ಸ್ಪಂಜು ಕರಗಿ, ಉರಿಯುತ್ತಲೇ ನೆಲದ ಮೇಲೆ ಹರಿದು, ಅದೇ ಕಲೆಗಳು ಬಿದ್ದಿದ್ದವು.

ವಕೀಲೆಗೆ ಇದು ಮೊದಲ ದೊಡ್ಡ ಕೇಸು. "ಸರ್, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಇದನ್ನ ಯಾರೂ ಕೇಳಲ್ಲ" ಎಂದು ಗೋಗರೆದಳು.

"ಕೇಳದಿದ್ರೂ ಹೇಳ್ತೀನಮ್ಮ. ನಿಮ್ಮ ಬೆನ್ನ ಹಿಂದೆ ಮಾಡಬಾರದು ಅಂತ ಮೊದಲು ನಿಮಗೆ ಹೇಳಿದೆ."

ನೀವು ನಮ್ಮ ಕಡೆಯ ಸಾಕ್ಷಿ ಎಂದು ಅವಳು ನೆನಪಿಸಿದಳು. ಮೇಷ್ಟ್ರು ತೋಳಿನ ಮಸಿ ಕೊಡವಿಕೊಳ್ಳುತ್ತಾ, ಕರೆಸಿದ್ದು ನೀವೇ, ಆದರೆ ಮಾತು ಕೋರ್ಟಿಗೆ ಎಂದು ಒಳಗೆ ನಡೆದೇಬಿಟ್ಟರು.

ಕಟಕಟೆಯಲ್ಲಿ ನಿಂತು ಎಲ್ಲವನ್ನೂ ಹೇಳಿದರು. ತಮ್ಮ ವರದಿ ಅರ್ಧ ಸತ್ಯ ಎಂದೂ ಸೇರಿಸಿದರು. ಹಾಗಾದರೆ ಪೆಟ್ರೋಲ್ ಸುರಿದೇ ಇಲ್ಲ ಎನ್ನುತ್ತೀರಾ ಎಂದು ವಕೀಲೆ ಕೊನೆಯ ಆಸೆಯಿಂದ ಕೇಳಿದಳು. ಅದೂ ಗೊತ್ತಿಲ್ಲ, ಸುರಿದರೂ ಇದೇ ಕಲೆ, ಸುರಿಯದಿದ್ದರೂ ಇದೇ ಕಲೆ ಎಂದರು. ಎದುರು ಪಕ್ಷದ ವಕೀಲನಿಗೆ ಹಾಲು ಕುಡಿದಷ್ಟು ಸಂತೋಷ. ಎದ್ದು ನಿಂತು, ಹಾಗಾದರೆ ನನ್ನ ಕಕ್ಷಿದಾರಳು ನಿರಪರಾಧಿ ಎಂದು ನಿಮ್ಮ ಬಾಯಿಂದಲೇ ಹೇಳಿ ಅಂದ. ಅದನ್ನು ಹೇಳಲಾರೆ ಎಂದರು ಮೇಷ್ಟ್ರು. ಅಡ್ಡಗೋಡೆ ಮೇಲೆ ದೀಪ ಇಡಬೇಡಿ ಎಂದು ಅವನು ರೇಗಿದ.

"ಬೂದಿ ಎಲ್ಲಿವರೆಗೆ ಹೇಳುತ್ತೋ ಅಲ್ಲಿವರೆಗೆ ನಾನು ಸಾಕ್ಷಿ ಸ್ವಾಮಿ. ಅದರಿಂದಾಚೆ ನಾನೂ ದಾರೀಲಿ ಹೋಗೋನೇ."

ಎರಡೂ ಕಡೆಯವರ ಮುಖ ಗಂಟಿಕ್ಕಿತ್ತು. ಆ ಮನುಷ್ಯ ಮಾತ್ರ ಯಾರ ಮುಲಾಜೂ ಇಲ್ಲದೆ ಕಟಕಟೆ ಇಳಿದು ಬಂದರು. ಕೇಸು ಕೈತಪ್ಪುತ್ತಿರುವ ಸಂಕಟದಲ್ಲೂ ವಕೀಲೆಗೆ ಅವರ ಮೇಲೆ ಗೌರವ ಉಕ್ಕಿತು. ಒಳಗೆ ಬರುವ ಮುಂಚೆ ತಾನು ಅವರಿಗೆ ಹೇಳಿಕೊಟ್ಟ ಬುದ್ಧಿ ನೆನಪಾಗಿ ನಾಚಿಕೆಯೂ ಆಯಿತು.

ಅಂದೇ ಜಾಮೀನು ಸಿಕ್ಕ ಆರೋಪಿ ಹೆಂಗಸು ಕಾರಿಡಾರಿನಲ್ಲಿ ಮೇಷ್ಟ್ರನ್ನು ತಡೆದಳು.

"ನಿಮಗಾದ್ರೂ ಗೊತ್ತಲ್ವಾ ಮೇಷ್ಟ್ರೇ, ನಾನು ಸುಟ್ಟಿಲ್ಲ ಅಂತ?"

ಇಲ್ಲಿ ಕಟಕಟೆಯಿಲ್ಲ, ಬರೆದುಕೊಳ್ಳುವ ಜಡ್ಜಿಲ್ಲ. ಒಂದು ಸಲ ಹೂಂ ಅಂದುಬಿಡಲಿ ಎಂದು ಪಕ್ಕದಲ್ಲಿದ್ದ ಸರ್ಕಾರಿ ವಕೀಲೆಯೇ ಮನಸ್ಸಿನಲ್ಲಿ ಬೇಡಿಕೊಂಡಳು.

"ಗೊತ್ತಿಲ್ಲಮ್ಮ," ಎಂದರು ಮೇಷ್ಟ್ರು ಮೆತ್ತಗೆ. "ಗೊತ್ತಿದ್ದಿದ್ರೆ ಒಳಗೇ ಹೇಳ್ತಿದ್ದೆ."

 ಹೆಂಗಸಿಗೆ ಸಿಟ್ಟು ಬರಲಿಲ್ಲ. ಬಿಗಿಹಿಡಿದಿದ್ದ ಹೆಗಲು ನಿಧಾನವಾಗಿ ಸಡಿಲವಾಯಿತು.

"ಬೆಂಕಿ ಬಿದ್ದಾಗಿಂದ," ಎಂದಳು, "ಗೊತ್ತಿಲ್ಲ ಅಂದ ಮೊದಲನೇ ಮನುಷ್ಯ ನೀವು."