ಏಳು ಕ್ವಿಂಟಾಲಿನ ಕಾರು

ಅಳಿಯ ತಮ್ಮ ಮಗನನ್ನು ಕೊಲ್ಲಲು ಹೊರಟಿದ್ದಾನೆ ಎಂಬುದರಲ್ಲಿ ಮಲ್ಲಿಕಾರ್ಜುನಪ್ಪನವರಿಗೆ ಅನುಮಾನವೇ ಉಳಿಯಲಿಲ್ಲ. ಇಲ್ಲದಿದ್ದರೆ, ಇರುವ ಎರಡು ಕಾರುಗಳಲ್ಲಿ ಆ ನೀಲಿಯದನ್ನೇ ತಗೋ ಎಂದು ಯಾಕೆ ಹಟ ಹಿಡಿಯುತ್ತಿದ್ದ?

ಎರಡೂ ಚಳ್ಳಕೆರೆಯ ಅವರ ಎಣ್ಣೆ ಮಿಲ್ಲಿನ ಅಂಗಳದಲ್ಲಿ ನಿಂತಿದ್ದವು. ಎರಡೂ ಸೆಕೆಂಡ್ ಹ್ಯಾಂಡ್, ಎರಡಕ್ಕೂ ಎರಡೆರಡೇ ಸೀಟು. ಕೆಂಪು ಕಾರಿಗೆ ಗಟ್ಟಿ ಟಾಪು, ಏಸಿ, ಏರ್‌ಬ್ಯಾಗು ಇದ್ದವು. ನೀಲಿಗೆ ಟಾಪೇ ಇಲ್ಲ. ಹಳೆಯ ಮಾಲೀಕ ಅದರ ಎಂಜಿನ್ ಬದಲಿಸಿ, ಬೇಡವೆನಿಸಿದ್ದನ್ನೆಲ್ಲ ಕಿತ್ತು ಹಾಕಿದ್ದ. ಮಗ ವೀರೇಶನಿಗೆ ಬೇಕಿದ್ದದ್ದು, ಆಗಾಗ ರೇಸ್ ಟ್ರ್ಯಾಕಿನಲ್ಲಿ ಓಡಿಸಲೂ ಆಗುವ, ಮಿಕ್ಕ ದಿನ ಮೊಳಕಾಲ್ಮುರಿಗೆ ಹೋಗಿ ಬರಲೂ ಆಗುವ ಗಾಡಿ.

“ಕೆಂಪು ರೋಡಿಗೆ ಸರಿ. ಟ್ರ್ಯಾಕಲ್ಲಿ ಎಮ್ಮೆ,” ಎಂದ ಅಳಿಯ ಸಿದ್ದಲಿಂಗೇಶ್. “ಗಾಡಿ ಹಗುರ ಇದ್ದಷ್ಟೂ ಬ್ರೇಕು ಬೇಗ ಹಿಡಿತೈತೆ ಮಾವ. ತಿರುವಲ್ಲಿ ಹೇಳಿದಂಗೆ ಕೇಳ್ತೈತೆ.”

“ಜೀವಾನೂ ಅಷ್ಟೇ ಬೇಗ ಹೋಗ್ತೈತೆ ಅಳಿಯಂದ್ರೆ,” ಎಂದರು ಮಾವ.

ವೀರೇಶ ಒಬ್ಬನೇ ಮಗ. ಮಗನೆಂದರೆ ಅವರಿಗೆ ಪ್ರಾಣ. ಅವನಿಗೇನಾದರೂ ಆದರೆ ಮಿಲ್ಲು ಮಗಳು ಶಿಲ್ಪಾಳ ಪಾಲು, ಅಂದರೆ ಈ ಅಳಿಯನ ಪಾಲು. ಲೆಕ್ಕ ಅಷ್ಟು ಸಲೀಸಾಗಿತ್ತು. ಅವರು ವ್ಯಾಪಾರದಲ್ಲೇ ತಲೆ ನರೆತವರು. ಎದುರಿಗೆ ನಿಂತವನ ಮನಸ್ಸಿನಲ್ಲಿ ಏನಿದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಮಗ ನೀಲಿಗೇ ಮನಸೋತಿದ್ದ. ಕೊನೆಗೆ ಅಪ್ಪ ಒಂದು ಷರತ್ತು ಹಾಕಿದರು. ಸೀಟಿನ ಹಿಂದೆ, ತಲೆಗಿಂತ ಎತ್ತರಕ್ಕೆ, ಕಬ್ಬಿಣದ ಪೈಪಿನ ಕಮಾನು ಕೂರಿಸಬೇಕು. ಗಾಡಿ ಮಗುಚಿದರೂ ತಲೆ ಉಳಿಯಬೇಕು. ಅದಿಲ್ಲದೆ ಕಾರು ಮಿಲ್ಲಿನ ಗೇಟು ದಾಟುವಂತಿಲ್ಲ.

ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ದೊಡ್ಡೀರಪ್ಪನನ್ನು ಕರೆಸಿದರು. ಅವನು ಕಾರನ್ನು ಒಂದು ಸುತ್ತು ಹಾಕಿ, “ಗಾಡಿ ತೂಕ ಎಷ್ಟೈತ್ರಿ?” ಎಂದ. “ಏಳು ಕ್ವಿಂಟಾಲ್ ಒಳಗಿದ್ರೆ ತೆಳು ಪೈಪು ತಡಿತೈತೆ. ಮ್ಯಾಲಿದ್ರೆ ದಪ್ಪಂದೇ ಬೇಕು.”

“ದಪ್ಪಂದೇ ಹಾಕು,” ಎಂದರು ಮಲ್ಲಿಕಾರ್ಜುನಪ್ಪ.

“ತಲೆ ಮೇಲೆ ಸುಮ್ನೆ ಭಾರ ಯಾಕಪ್ಪಾಜಿ? ತಿರುವಲ್ಲಿ ಎಳೀತೈತೆ. ತೂಗಿ ನೋಡಣ, ಕಾಟಾ ಇಲ್ಲೇ ಐತಲ್ಲ,” ಎಂದ ವೀರೇಶ.

ಕಾಟಾ ಎಂದರೆ ರೈತರ ಶೇಂಗಾ ಟ್ರ್ಯಾಕ್ಟರುಗಳನ್ನು ಲೋಡಿನ ಸಮೇತ ತೂಗುವ, ಮಿಲ್ಲಿನ ಸ್ವಂತ ತೂಕದ ಕಟ್ಟೆ. ಸುಗ್ಗಿಯ ಕಾಲ. ದೊಡ್ಡಉಳ್ಳಾರ್ತಿ, ತಳಕು ಕಡೆಯ ಟ್ರ್ಯಾಕ್ಟರುಗಳು ಗೇಟಿನವರೆಗೆ ಸಾಲು ನಿಂತಿದ್ದವು.

“ಊರಲ್ಲಿ ಬೇರೆ ಕಾಟಾ ಇಲ್ವೇನೋ? ಅಲ್ಲಿ ತೂಗ್ಸು. ಇಲ್ಲಿ ರೈತರು ಕಾಯ್ತಿದಾರೆ.”

“ಕಾಯ್ತೀವಿ ಬಿಡ್ರಿ ಸಾವ್ಕಾರ್ರೆ,” ಎಂದ ಸಾಲಿನ ಮುಂದಿದ್ದ ಜುಂಜಣ್ಣ ಎಂಬ ರೈತ, ಬೀಡಿ ಎಸೆದು. “ನಮ್ದೆಲ್ಲ ತೂಗೋ ಕಾಟಾ, ನಿಮ್ ಕಾರು ತೂಗಲ್ವಾ?”

ಎಲ್ಲರೂ ನಕ್ಕರು. ವೀರೇಶ ಕಾರನ್ನು ಕಾಟಾ ಮೇಲೆ ಹತ್ತಿಸಿ ಕೆಳಗಿಳಿದ. ಪರದೆಯ ಮೇಲೆ ಕೆಂಪು ಅಂಕಿಗಳು ಓಡಾಡಿ ನಿಂತವು. ಏಳು ಕ್ವಿಂಟಾಲಿಗೆ ಹತ್ತು ಕೆ.ಜಿ. ಕಡಿಮೆ.

“ನೋಡಿದ್ರಾ ಅಪ್ಪಾಜಿ! ಹಕ್ಕಿ ಇದು, ಹಕ್ಕಿ!”

ಮಲ್ಲಿಕಾರ್ಜುನಪ್ಪನವರು ಏನೋ ಹೇಳಲು ಬಾಯಿ ತೆರೆದರು. ಸುತ್ತ ರೈತರು ಪರದೆಯನ್ನೇ ನೋಡುತ್ತಿದ್ದರು. ಅವರು ಬಾಯಿ ಮುಚ್ಚಿಕೊಂಡು ಅಳಿಯನತ್ತ ತಿರುಗಿದರು. ಅವನ ಮುಖದಲ್ಲಿದ್ದ ನಗು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಚಿತ್ರದುರ್ಗಕ್ಕೆ ಹೋಗಿ ತೆಳು ಪೈಪು ತಂದವನೂ ಸಿದ್ದಲಿಂಗೇಶನೇ. ಮಾವ ಅದನ್ನು ತಟ್ಟಿ, ಬಡಿದು, ಬೆಳಕಿಗೆ ಹಿಡಿದು ನೋಡಿದರು. ಬೆಸುಗೆ ಹಾಕುವಾಗ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಅಳಿಯನನ್ನು ಕಾರಿನ ಹತ್ತಿರ ಒಬ್ಬನನ್ನೇ ಬಿಡಲಿಲ್ಲ. “ದಪ್ಪಂದೇ ಹಾಕಿಸ್ಕೊಳ್ಳೋ ವೀರೇಶ,” ಎಂದು ಮಗನನ್ನು ಮತ್ತೆ ಮತ್ತೆ ಗೋಗರೆದರು. ಯಾಕೆ ಎಂದು ಅವನು ಕೇಳಿದರೆ ಮಾತ್ರ ಸುಮ್ಮನಾಗುತ್ತಿದ್ದರು.

ಟ್ರ್ಯಾಕ್ ನೋಡುವ ಭಾಗ್ಯ ಆ ಕಾರಿಗೆ ಇರಲಿಲ್ಲ. ತಳಕು ದಾಟಿ ಮೊಳಕಾಲ್ಮುರು ರಸ್ತೆಯಲ್ಲಿ ಹೋಗುವಾಗ ಕುರಿ ಹಿಂಡು ಅಡ್ಡ ಬಂತು. ವೀರೇಶ ಒಂದು ಕುರಿಗೂ ತಾಗಿಸಲಿಲ್ಲ. ಕಾರು ರಸ್ತೆ ಬಿಟ್ಟು ಹಳ್ಳಕ್ಕೆ ಮಗುಚಿಕೊಂಡಿತು. ಪೈಪಿನ ಕಮಾನು ಹಸಿ ಜೋಳದ ದಂಟಿನ ಹಾಗೆ ಮಡಚಿಕೊಂಡಿತ್ತು. ಅದರ ಕೆಳಗೆ ತಲೆಯಿತ್ತು.

ಮಗನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ಇನ್ಸ್‌ಪೆಕ್ಟರ್ ಮಿಲ್ಲಿಗೆ ಬಂದರು. ಮಲ್ಲಿಕಾರ್ಜುನಪ್ಪನವರು ಅವರ ಎದುರೇ ಅಳಿಯನ ಕೊರಳಪಟ್ಟಿ ಹಿಡಿದರು.

“ಇವ್ನೇ ಸಾರ್. ಕಳಪೆ ಪೈಪು ತಂದು ನನ್ ಮಗನ್ನ ತಿಂದ!”

“ದೊಡ್ಡೀರಪ್ಪ ಬರೆಸಿದ್ದನ್ನೇ ತಂದೆ ಮಾವ. ಅವ್ನು ನನ್ ತಮ್ಮ ಇದ್ದಂಗಿದ್ದ,” ಎಂದು ಸಿದ್ದಲಿಂಗೇಶ್ ಅತ್ತ.

ದೊಡ್ಡೀರಪ್ಪ ಕೈ ಮುಗಿದ. “ತೂಕಕ್ಕೆ ತಕ್ಕ ಪೈಪೇ ಹೇಳಿದ್ದೆ ಸಾರ್. ಹೆಂಗೆ ಮಡಚ್ತೋ ದೇವ್ರಿಗೇ ಗೊತ್ತು.”

ಇನ್ಸ್‌ಪೆಕ್ಟರ್ ಮಾವನ ಕಡೆ ತಿರುಗಿದರು. “ತೂಕ ಸರಿಯಾಗಿ ನೋಡಿದ್ರೇನ್ರಿ?”

ಅಂಗಳದಲ್ಲಿ ಅಂದೂ ಟ್ರ್ಯಾಕ್ಟರುಗಳು ನಿಂತಿದ್ದವು. ಜನ ಕಿವಿಗೊಟ್ಟು ಕೇಳುತ್ತಿದ್ದರು. ಮಲ್ಲಿಕಾರ್ಜುನಪ್ಪನವರು ಕಣ್ಣೊರೆಸಿಕೊಂಡರು. “ಊರ ಜನರ ಮುಂದೆ ತೂಗಿದ್ದು ಸಾರ್. ತಪ್ಪು ಪೈಪಿಂದೇ.”

ಸಿದ್ದಲಿಂಗೇಶನನ್ನು ಜೀಪು ಹತ್ತಿಸಿದರು. ಶಿಲ್ಪಾ ಓಡಿ ಬಂದು ಅಪ್ಪನ ಕಾಲು ಹಿಡಿದಳು. ಅವರು ಕಾಲು ಬಿಡಿಸಿಕೊಂಡರು.

ಜೀಪು ಗೇಟು ದಾಟಿದ ಮೇಲೆ ಮಲ್ಲಿಕಾರ್ಜುನಪ್ಪನವರು ಕಾಟಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ರೈತರ ಎಂಟು ಕ್ವಿಂಟಾಲನ್ನು ಏಳೆಂದು ತೋರಿಸಲು ಎಷ್ಟೋ ಸುಗ್ಗಿಗಳ ಹಿಂದೆ ತಾವೇ ಯಂತ್ರದೊಳಗೆ ಕೂರಿಸಿದ್ದ ಎಲೆಕ್ಟ್ರಾನಿಕ್ ಚಿಪ್ಪನ್ನು ಮುಟ್ಟಿ, ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಕಿಟಕಿ ತೆರೆದು, “ಮುಂದಿನ ಟ್ರ್ಯಾಕ್ಟರ್ ಬಿಡ್ರಪ್ಪ,” ಎಂದರು.