ಕೆಂಪು ದಾರದ ಹೊಲಿಗೆ

ಬೇಟೆಗೆ ಇನ್ನೂ ಪರವಾನಗಿ ಸಿಗುತ್ತಿದ್ದ ಕಾಲ. ಡೇರೆ ಅಂಗಡಿಯಲ್ಲಿ, ಸೀಮೆಗೇ ಹೆಸರಾದ ಬೇಟೆಗಾರ ಮಾವ ದೊಡ್ಡದೊಂದು ಕ್ಯಾನ್ವಾಸ್ ಡೇರೆಯನ್ನು ಸವರಿ ನೋಡುತ್ತಿದ್ದರು. ಅಳಿಯ ಚಿಕ್ಕದೇ ಸಾಕೆಂದು ಹಟ ಹಿಡಿದಿದ್ದ.

"ಇದ್ರಲ್ಲಿ ಇಬ್ರು ಮಲಗ್ಬಹುದು, ಅಳಿಯಂದಿರೇ. ಈ ಸಲ ನಾನೂ ಬರ್ತೀನಿ."

"ಬೇಡಿ ಮಾವ. ನಂಗೆ ಒಂಟಿ ಬೇಟೆಯೇ ಅಭ್ಯಾಸ. ಇಬ್ರಿದ್ರೆ ಹಂದಿ ಹತ್ರ ಸುಳಿಯಲ್ಲ."

ಮಾವ ಹೆಮ್ಮೆಯಿಂದ ಅಂಗಡಿಯವನತ್ತ ತಿರುಗಿದರು. "ಕೇಳಿದ್ರಾ? ಪ್ರತಿ ಸಲ ಒಬ್ರೇ ಹೋಗಿ ಕಾಡುಹಂದಿ ತೊಡೆ ತಂದು ನನ್ನ ಮುಂದೆ ಇಡ್ತಾರೆ. ನಿಮ್ಮಲ್ಲೇ ಕೊಂಡ ಹಳೇ ಡೇರೆ ಸೋರುತ್ತಂತೆ. ಅಳತೆಗೆ ಇರ್ಲಿ ಅಂತ ನನ್ನ ಮಗಳು ಅದನ್ನ ಗಾಡೀಲಿ ಹಾಕ್ಸಿದಾಳೆ."

ಅಳಿಯ ಬಾಗಿಲತ್ತ ಧಾವಿಸಿದ. ತಡೆಯುವಷ್ಟರಲ್ಲಿ ಗಾಡಿಯವನು ಹಳೇ ಡೇರೆಯ ಚೀಲವನ್ನು ತಂದು ಮೇಜಿನ ಮೇಲಿಟ್ಟಿದ್ದ.

ಆ ಅಂಗಡಿಯದೊಂದು ಪದ್ಧತಿ. ಹೊಸ ಡೇರೆಯ ಚೀಲದ ಬಾಯಿಯನ್ನು ಕೆಂಪು ದಾರದಿಂದ ಹೊಲಿದು ಕೊಡುತ್ತಿದ್ದರು. ಕೊಂಡವನು ಕಾಡಿನಲ್ಲಿ ಮೊದಲ ಸಲ ಡೇರೆ ಹೂಡುವಾಗ ಅದನ್ನು ತಾನೇ ಕತ್ತರಿಸಬೇಕು. ಅಂಗಡಿಯವನು ಚೀಲದ ಮುಚ್ಚಳ ಎತ್ತಿದ. ಕೆಂಪು ಹೊಲಿಗೆ ಹಾಗೆಯೇ ಇತ್ತು.

ಅಂಗಡಿಯವನು ಕೆಮ್ಮಿ ಬೇರೆಡೆ ನೋಡಿದ. ಅಳಿಯ ತಲೆ ತಗ್ಗಿಸಿದ. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದ.

"ಮಾವ, ನಾನು..."

ಮಾವ ಬಹಳ ಹೊತ್ತು ಆ ಹೊಲಿಗೆಯನ್ನೇ ನೋಡಿದರು. ಆಮೇಲೆ ಮುಚ್ಚಳ ಎಳೆದು, ಅಳಿಯನ ಕಿವಿಯತ್ತ ಬಾಗಿದರು.

"ತೊಡೆ ತರೋದು ಸೇತುವೆ ಪಕ್ಕದ ಮಾದಯ್ಯನ ಹತ್ರ ತಾನೇ? ನಂಗೆ ಅವರಪ್ಪ ಕೊಡ್ತಿದ್ದ."