ಕುಂಟು ಸರಿ

ಮೊದಲ ದನಿ ಮಗಳದಲ್ಲ. ಎರಡನೇ ಪ್ರಶ್ನೆಯ ಹೊತ್ತಿಗೇ ಮೇಷ್ಟ್ರಿಗೆ ಅದು ಖಚಿತವಾಯಿತು. “ಮೂವತ್ತು ವರ್ಷದ ಸರ್ಕಾರಿ ಸೇವೆಯಲ್ಲಿ ನಾನು ಕಂಡಂತೆ” ಎಂದೇ ಅದರ ಪ್ರತಿ ಉತ್ತರವೂ ಶುರುವಾಗುತ್ತಿತ್ತು. ಮಗಳು ಒಂದು ದಿನವೂ ಸರ್ಕಾರಿ ಕುರ್ಚಿಯಲ್ಲಿ ಕೂತವಳಲ್ಲ. ಉಳಿದವು ಎರಡು ದನಿ. ಅವುಗಳಲ್ಲಿ ಒಂದು ಅವಳದು.

ಪತ್ತೆ ಹಚ್ಚುವುದು ಸುಲಭವಿರಲಿಲ್ಲ. ಹೊಸ ತಂತ್ರಜ್ಞಾನಗಳ ಇಲಾಖೆಗೆ ಮುಖ್ಯಸ್ಥರನ್ನು ಆರಿಸುವಾಗಲಾದರೂ ಮುಖ ನೋಡಿ ಮಣೆ ಹಾಕುವ ಚಾಳಿ ತಪ್ಪಲಿ ಎಂದು ಸರ್ಕಾರ ಈ ಏರ್ಪಾಡು ಮಾಡಿತ್ತು. ಅಭ್ಯರ್ಥಿಗಳು ಕಾರಿಡಾರಿನ ಆಚೆ ಮೂರು ಕೋಣೆಗಳಲ್ಲಿ ಕೂತಿದ್ದರು. ಹೆಸರು ಯಾರಿಗೂ ತಿಳಿಸಿರಲಿಲ್ಲ. ಅವರ ಮಾತನ್ನು ಯಂತ್ರವೊಂದು ನುಣ್ಣಗೆ ಅರೆದು, ಒಂದೇ ಹದದ ದನಿಯಾಗಿಸಿ, ಮೇಜಿನ ಮೇಲಿನ ಸ್ಪೀಕರಿಗೆ ಕಳಿಸುತ್ತಿತ್ತು. ‘ನಾನು ಮಾಡಿದೆ’, ‘ನಾನು ನೋಡಿದ್ದೇನೆ’ ಎನ್ನುವ ಮಾತಿನಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ.

ಅಭ್ಯರ್ಥಿಗಳಲ್ಲಿ ನಿಮಗೆ ತಿಳಿದಂತೆ ನೆಂಟರು ಯಾರಾದರೂ ಇದ್ದಾರೆಯೇ ಎಂದು ಆಯ್ಕೆ ಸಮಿತಿಯ ಅಧ್ಯಕ್ಷೆ ಬೆಳಿಗ್ಗೆ ವಾಡಿಕೆಯಂತೆ ಸದಸ್ಯರಿಬ್ಬರನ್ನೂ ಕೇಳಿದ್ದರು. ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದ್ದರು. ಜೀವಮಾನವಿಡೀ ಭೌತಶಾಸ್ತ್ರ ಕಲಿಸಿದವರು. ಒಬ್ಬ ವಿದ್ಯಾರ್ಥಿಗೂ ಅರ್ಧ ಅಂಕ ಹೆಚ್ಚು ಕೊಟ್ಟವರಲ್ಲ. ಅವರ ಮೊದಲ ಸುಳ್ಳು ಅಷ್ಟು ಸಲೀಸಾಗಿ ಬಂದಿತ್ತು.

ಬೇರೆ ದಾರಿ ಇರಲಿಲ್ಲ. ಅಳಿಯನೆಂಬುವನು ವರ್ಷಗಟ್ಟಲೆ ಅವರ ಮನೆಯಲ್ಲೇ ಇದ್ದು, ಗಂಡ ಹೆಂಡತಿ ಸೇರಿ ಮಾಡಿದ ಸಂಶೋಧನೆಯನ್ನು ತನ್ನೊಬ್ಬನ ಹೆಸರಿಗೆ ಮಾಡಿಕೊಂಡು ಹೊರಟುಹೋಗಿದ್ದ. ಉಂಡೂ ಹೋದ, ಕೊಂಡೂ ಹೋದ. ಆಮೇಲೆ ಯಾವ ಪ್ರಯೋಗಾಲಯವೂ ಮಗಳನ್ನು ಕರೆಯಲಿಲ್ಲ. ಗಂಡನ ಕೆಲಸಕ್ಕೆ ಕೈ ಹಚ್ಚಿದವಳು ಎಂದಷ್ಟೇ ಎಲ್ಲರೂ ತಿಳಿದರು. ಈಚೆಗೆ ಅವಳು ಕೋಣೆಯ ಕಿಟಕಿ ತೆಗೆಯುತ್ತಿರಲಿಲ್ಲ. ದಿಂಬಿನ ಕೆಳಗೆ ಕೂಡಿಟ್ಟ ನಿದ್ದೆಮಾತ್ರೆಗಳು ಸಿಕ್ಕ ದಿನ ಮೇಷ್ಟ್ರು ಅವಳ ಬಾಗಿಲಿನ ಚಿಲಕವನ್ನೇ ಕಿತ್ತು ಹಾಕಿದ್ದರು. ಈ ಹುದ್ದೆಗೆ ವಯಸ್ಸಿನ ಮಿತಿ ಇತ್ತು. ಅವಳಿಗೆ ಇನ್ನೊಂದು ಸರದಿ ಇರಲಿಲ್ಲ.

ಸಮಿತಿಯ ಸದಸ್ಯರ ಹೆಸರು ಪತ್ರಿಕೆಯಲ್ಲಿ ಬಂದಾಗ ಅವಳು ಜಗಳವಾಡಿದ್ದಳು. ನೀವು ಬಿಡಿ, ಇಲ್ಲವೇ ನಾನು ಬಿಡುತ್ತೇನೆ ಎಂದು ಹಟ ಹಿಡಿದಿದ್ದಳು. ದನಿಯೇ ಗೊತ್ತಾಗದ ಮೇಲೆ ಅಪ್ಪನಾದರೇನು, ಅಪರಿಚಿತನಾದರೇನು ಎಂದು ಮೇಷ್ಟ್ರು ಸಮಾಧಾನ ಮಾಡಿದ್ದರು. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಅವಳು ಒಂದೇ ಮಾತು ಹೇಳಿದ್ದಳು.

“ನನ್ನ ಹುಡುಕಬೇಡಿ, ಅಪ್ಪ. ಕೆಲಸ ಸಿಕ್ಕಿದ್ರೆ ನನ್ನ ಯೋಗ್ಯತೆಗೆ ಸಿಗ್ಲಿ.”

ಆಯಿತು ಎಂದಿದ್ದರು. ಚಿಲಕ ಕಿತ್ತ ಕೈ ಹುಡುಕದೆ ಇರುವುದು ಹೇಗೆ?

ಎರಡನೆಯ ದನಿ ತಡವರಿಸುತ್ತಿತ್ತು. ಒಂದೊಂದು ಪದವನ್ನೂ ತೂಗಿ, ಕೆಲವನ್ನು ಹಿಂದಕ್ಕೆ ಇಟ್ಟು ಮಾತಾಡುತ್ತಿತ್ತು. ಯಂತ್ರದ ತೀರ್ಮಾನದಿಂದ ಒಂದು ಜೀವ ಹೋದರೆ ಹೊಣೆ ಯಾರದು ಎಂದು ಸಮಿತಿಯ ಮೂರನೇ ಸದಸ್ಯರಾದ ಲೆಕ್ಕಪರಿಶೋಧಕರು ಕೇಳಿದರು. ಸ್ಪೀಕರಿನಲ್ಲಿ ಎರಡು ವಾಕ್ಯ ಶುರುವಾಗಿ ಅರ್ಧಕ್ಕೇ ನಿಂತವು.

“ನನಗೆ ಗೊತ್ತಿಲ್ಲ. ಗೊತ್ತಾಗೋವರೆಗೂ ಅಂಥ ತೀರ್ಮಾನನ ಯಂತ್ರಕ್ಕೆ ಬಿಡಲ್ಲ.”

ಮಗಳಲ್ಲ, ಎಂದುಕೊಂಡರು ಮೇಷ್ಟ್ರು. ಇಂಥ ವಿಷಯವೆಂದರೆ ಅವಳ ಮಾತು ಮನೆಯಲ್ಲಿ ನೀರಿನಂತೆ ಹರಿಯುತ್ತಿತ್ತು.

ಮೂರನೆಯ ದನಿ ಹಾಗೆಯೇ ಹರಿಯಿತು. ಅದೇ ಪ್ರಶ್ನೆಗೆ ಅದು ಕ್ಷಣವೂ ನಿಲ್ಲಲಿಲ್ಲ.

“ಯಂತ್ರ ತಪ್ಪು ಹೇಳಿದ್ರೆ ಭಯ ಇಲ್ಲ, ಸಿಕ್ಕಿಬೀಳುತ್ತೆ. ನನ್ನ ಭಯ ಕುಂಟು ಸರಿ ಬಗ್ಗೆ. ದಾರಿ ತಪ್ಪಾಗಿದ್ದು ಉತ್ತರ ಮಾತ್ರ ಸರಿ ಬಂದ್ರೆ, ಯಾರೂ ತಿರುಗಿ ನೋಡಲ್ಲ.”

ಮೇಷ್ಟ್ರು ಎತ್ತಿದ್ದ ನೀರಿನ ಲೋಟವನ್ನು ಕುಡಿಯದೆಯೇ ಕೆಳಗಿಟ್ಟರು. ಆ ಮಾತು ಯಾವ ನಿಘಂಟಿನಲ್ಲೂ ಇಲ್ಲ. ಮಗಳು ಶಾಲೆಯಲ್ಲಿದ್ದಾಗ, ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಬಂದ ಲೆಕ್ಕವೊಂದನ್ನು ನೋಡಿ ಅವರೇ ಇಟ್ಟ ಹೆಸರು. ಆಮೇಲೆ ಅದು ಅವರ ಊಟದ ಮೇಜಿನ ಮಾತಾಗಿತ್ತು. ಸಾರಿನ ರುಚಿಗೂ ನೆರೆಯವರ ಮದುವೆಗೂ ಅನ್ವಯವಾಗುತ್ತಿತ್ತು. ಹಟಮಾರಿ ಹುಡುಗಿ ಕೊನೆಗೂ ಸೋತು, ಗೋಡೆಯಾಚೆಯಿಂದ ಅಪ್ಪನನ್ನು ಕರೆದಿದ್ದಳು.

ಅಭ್ಯರ್ಥಿಗಳ ಸರದಿ ಮುಗಿಯಿತು. ಅಧ್ಯಕ್ಷೆ ಕನ್ನಡಕ ಒರೆಸಿಕೊಂಡರು.

“ನನಗೆ ಎರಡನೇದು ಹಿಡಿಸ್ತು, ಮೇಷ್ಟ್ರೇ. ಗೊತ್ತಿಲ್ಲ ಅನ್ನೋ ಅಧಿಕಾರೀನ ನಾನು ನೋಡೇ ಇಲ್ಲ.”

ಗೊತ್ತಿಲ್ಲದವರಿಗೇನು ಬರವಿಲ್ಲ, ಒಪ್ಪಿಕೊಳ್ಳುವವರಿಗಷ್ಟೇ ಬರ ಎಂದು ಲೆಕ್ಕಪರಿಶೋಧಕರು ನಕ್ಕರು. ಅವರೂ ಅತ್ತಲೇ ವಾಲುತ್ತಿದ್ದರು. ಮೇಷ್ಟ್ರಿಗೆ ಕಿಟಕಿ ಮುಚ್ಚಿದ ಕೋಣೆ ಕಣ್ಣೆದುರು ಬಂತು.

“ಗೊತ್ತಿಲ್ಲ ಅನ್ನೋದೇ ಅರ್ಹತೆ ಆದ್ರೆ, ದಾರೀಲಿ ಹೋಗೋರನ್ನ ಕರೆದು ಕೂರಿಸಿ.”

ಅಲ್ಲಿಂದ ಅವರು ನಿಲ್ಲಲಿಲ್ಲ. ಎರಡನೆಯ ದನಿಯ ಒಂದೊಂದು ಮಾತನ್ನೂ ಎಳೆಎಳೆಯಾಗಿ ಬಿಡಿಸಿ ಹರಿದರು. ಅದರಲ್ಲಿ ವಿಜ್ಞಾನವಿಲ್ಲ, ಬರೀ ಅಂಜಿಕೆ ಇದೆ ಎಂದರು. ಇಂಥವರನ್ನು ಈ ಇಲಾಖೆಯ ಕೆಳಗಿನ ಯಾವ ಹುದ್ದೆಗೂ ಪರಿಗಣಿಸಬಾರದು ಎಂದೂ ಸೇರಿಸಿದರು. ಇಷ್ಟು ಕಟುವಾಗಿ ಅವರು ಯಾರ ಬಗ್ಗೆಯೂ ಮಾತಾಡಿರಲಿಲ್ಲ. ನೀವೇ ಹೇಳಿದ ಮೇಲೆ ಮುಗಿಯಿತು ಎಂದು ಅಧ್ಯಕ್ಷೆ ಆಯ್ಕೆಯ ಯಂತ್ರದಲ್ಲಿ ಮೂರನೆಯ ದನಿಯ ಗುಂಡಿ ಒತ್ತಿದರು. ಇನ್ನು ಆ ತೀರ್ಮಾನವನ್ನು ಯಾರೂ ತಿದ್ದುವಂತಿರಲಿಲ್ಲ.

ಮೇಷ್ಟ್ರು ನೆಪ ಹೇಳಿ ಹೊರಬಂದರು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಮೊದಲೆರಡು ಕೋಣೆಗಳು ಆಗಲೇ ಬರಿದಾಗಿದ್ದವು. ಎರಡನೆಯದರ ಬಾಗಿಲು ಮಾತ್ರ ಇನ್ನೂ ಅಲ್ಲಾಡುತ್ತಿತ್ತು. ಅವರು ಕಣ್ಣೊರೆಸಿಕೊಂಡು ಮೂರನೆಯ ಬಾಗಿಲನ್ನು ಮೆಲ್ಲಗೆ ತಳ್ಳಿದರು. ಒಳಗೆ ಕೂತಿದ್ದ ಆಕೃತಿ ಹೆಡ್‌ಫೋನ್ ತೆಗೆದಿಟ್ಟು ಇತ್ತ ತಿರುಗಿತು.

“ನೀವು ಗುರುತು ಹಿಡೀತೀರ ಅಂತ ಗೊತ್ತಿತ್ತು, ಮಾವ.”